ಸರ್ವರ್ ಕೋಣೆಯ ಬಾಗಿಲು ಹೊಸಬರಿಗೆ ಮುಚ್ಚಿದ್ದು ಹೇಗೆ?

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರು ಇತರ ಕಂಪ್ಯೂಟರ್‌ಗಳಿಗೆ ಸೇವೆ ಒದಗಿಸುವ ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನಂಥ ನಿರ್ವಾಹಕರನ್ನು ಕೇಳುವ ಪ್ರಶ್ನೆ ಒಂದೇ: ಈ ಕೆಲಸಕ್ಕೆ ಸೇರಲು ಯಾವ ಕೋರ್ಸ್ ಮಾಡಬೇಕು? ಕೋರ್ಸಿನ ಹೆಸರು ಹೇಳುವುದು ಸುಲಭ. ಆದರೆ ಉದ್ಯೋಗ ಜಾಹೀರಾತುಗಳನ್ನು ನೋಡಿದರೆ, ಆರಂಭದ ಹುದ್ದೆಗೂ ಎರಡು ಮೂರು ವರ್ಷಗಳ ಅನುಭವ ಕೇಳಿರುತ್ತಾರೆ. ಅನುಭವ ಕೊಡುತ್ತಿದ್ದ ಕೆಲಸಗಳೇ ಕರಗಿಹೋಗಿರುವಾಗ ಅವರು ಅದನ್ನು ಎಲ್ಲಿಂದ ತರಬೇಕು? ಇದಕ್ಕೆ ಎಲ್ಲರೂ ಈಗ ಕೃತಕ ಬುದ್ಧಿಮತ್ತೆಯತ್ತ ಬೆರಳು ತೋರಿಸುತ್ತಾರೆ. ನನ್ನ ಮಟ್ಟಿಗೆ ಈ ಬಿಕ್ಕಟ್ಟು ಅದಕ್ಕಿಂತ ಬಹಳ ಹಳೆಯದು.

ತೊಂಬತ್ತರ ದಶಕದ ಆರಂಭದಲ್ಲಿ ಕಚೇರಿಯ ಸರ್ವರ್ ಎಂದರೆ ಬಹುಮಟ್ಟಿಗೆ ನೊವೆಲ್ ಕಂಪನಿಯ ನೆಟ್‌ವೇರ್. ಕಡತಗಳನ್ನು ಹಂಚುವುದು, ಒಂದೇ ಪ್ರಿಂಟರನ್ನು ಹತ್ತು ಜನರಿಗೆ ಒದಗಿಸುವುದು ಅದರ ಮುಖ್ಯ ಕೆಲಸ. ನೊವೆಲ್ ಪ್ರಮಾಣಪತ್ರ ಇದ್ದವರಿಗೆ ಒಳ್ಳೆಯ ಸಂಬಳವೂ ಇತ್ತು. 1993ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿಯನ್ನು ತಂದಿತು. 1996ರ ಎನ್‌ಟಿ 4.0 ಕಚೇರಿಗಳಿಗೆ ನುಗ್ಗಿದ ಮೇಲೆ ನೆಟ್‌ವೇರ್ ಹಿಂದೆ ಸರಿಯುತ್ತಾ ಹೋಯಿತು. ಅದನ್ನೇ ನಂಬಿದ್ದವರು ಮತ್ತೆ ಹಣ ಕಟ್ಟಿ ಮೈಕ್ರೋಸಾಫ್ಟ್ ಪರೀಕ್ಷೆಗೆ ಕುಳಿತರು. ಸರ್ವರ್‌ಗೊಂದು ಪರವಾನಗಿ, ಅದನ್ನು ಬಳಸುವವರ ಲೆಕ್ಕಕ್ಕೆ ಬೇರೆ ಪರವಾನಗಿ. ಮನೆಯಲ್ಲಿ ಅಭ್ಯಾಸ ಮಾಡುವುದು ಜಿಲ್ಲಾ ಕೇಂದ್ರದ ಸಾಮಾನ್ಯ ಕುಟುಂಬದ ವಿದ್ಯಾರ್ಥಿಗೆ ಎಟುಕುವ ಮಾತಾಗಿರಲಿಲ್ಲ.

ಆ ಬೇಲಿಯನ್ನು ಮುರಿದದ್ದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಅದರ ಕರ್ನಲ್, ಅಂದರೆ ತಿರುಳು, ಮರುವರ್ಷವೇ ಜಿಪಿಎಲ್ ಪರವಾನಗಿಯಡಿ ಬಂದಿತು. ಯಾರು ಬೇಕಾದರೂ ನಕಲು ಮಾಡಬಹುದು, ತೆರೆದು ನೋಡಬಹುದು, ತಿದ್ದಬಹುದು. 1995ರಲ್ಲಿ ಜಾಲತಾಣದ ಪುಟ ಒದಗಿಸುವ ಅಪಾಚೆ ವೆಬ್ ಸರ್ವರ್, ಆ ಪುಟ ಕಟ್ಟುವ ಪಿಎಚ್‌ಪಿ ಭಾಷೆ, ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಮೂರೂ ಹೊರಬಂದವು. ಒಂದೇ ವರ್ಷದಲ್ಲಿ ಅಪಾಚೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು. ಇಂಟರ್‌ನೆಟ್ ಇನ್ನೂ ಫೋನ್ ತಂತಿಯಲ್ಲಿ ತೆವಳುತ್ತಿದ್ದ ಆ ದಿನಗಳಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೇ ಲಿನಕ್ಸ್ ಸಿಡಿ ಕೊಡುತ್ತಿತ್ತು. ಒಂದು ಹಳೆಯ ಕಂಪ್ಯೂಟರ್, ಒಂದು ಸಿಡಿ, ಸಾಕಷ್ಟು ತಾಳ್ಮೆ ಇದ್ದರೆ ಮನೆಯಲ್ಲೇ ನಿಜವಾದ ಸರ್ವರ್ ನಡೆಸಬಹುದಿತ್ತು. ನಮ್ಮ ವೃತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಿಲ್ಲ ಎಂದೇ ನಾನು ನಂಬಿದ್ದೇನೆ.

ಮಾರುಕಟ್ಟೆ ಇದನ್ನು ಒಪ್ಪಿಕೊಂಡದ್ದು ಸ್ವಲ್ಪ ತಡವಾಗಿ. ಲಿನಕ್ಸ್‌ಗೆ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಐಬಿಎಂ 2000ದ ಕೊನೆಗೆ ಹೇಳಿದ ಮೇಲೆ ದೊಡ್ಡ ಕಂಪನಿಗಳ ಅಳುಕು ಹೋಯಿತು. ಎರಡು ವರ್ಷಗಳಲ್ಲಿ ಲಿನಕ್ಸ್ ಕಂಪನಿಯಾದ ರೆಡ್ ಹ್ಯಾಟ್ ತನ್ನ ಉದ್ದಿಮೆ ಆವೃತ್ತಿಯನ್ನು ತಂದಿತು. ಅದಕ್ಕೆ ಚಂದಾ ಕಟ್ಟಬೇಕಿತ್ತು ನಿಜ. ಆದರೆ ಅದರದೇ ಮೂಲ ಸಂಕೇತದಿಂದ ಕಟ್ಟಿದ ಸೆಂಟ್‌ಓಎಸ್ 2004ರಿಂದ ಉಚಿತವಾಗಿ ಸಿಗತೊಡಗಿತು. ನಮ್ಮ ಕಡೆಯ ಎಷ್ಟೋ ಮಂದಿ ರೆಡ್ ಹ್ಯಾಟ್ ಕಲಿತದ್ದು ಸೆಂಟ್‌ಓಎಸ್ ಮೇಲೆ.

ಅದೇ ಹೊತ್ತಿಗೆ ಅಮೆರಿಕ, ಯುರೋಪಿನ ಕಂಪನಿಗಳ ಸರ್ವರ್‌ಗಳನ್ನು ದೂರದಿಂದಲೇ ನೋಡಿಕೊಳ್ಳುವ ಕೆಲಸ ಬೆಂಗಳೂರಿಗೆ ಬಂದಿತು. ಇದರ ಮೊದಲ ಮೆಟ್ಟಿಲಿಗೆ ‘ಎಲ್ ಒನ್’ ಎನ್ನುತ್ತೇವೆ. ರಾತ್ರಿಯೆಲ್ಲ ಪರದೆ ನೋಡುವುದು, ಎಚ್ಚರಿಕೆಯ ಸಂದೇಶ ಬಂದರೆ ಟಿಕೆಟ್ ತೆರೆಯುವುದು, ಅಂದರೆ ಸಮಸ್ಯೆಯನ್ನು ದಾಖಲಿಸುವುದು, ಡಿಸ್ಕ್ ತುಂಬಿದ್ದರೆ ಹಳೆಯ ಕಡತ ಅಳಿಸುವುದು, ನಿಂತ ಸೇವೆಯನ್ನು ಮತ್ತೆ ಚಾಲೂ ಮಾಡುವುದು, ಬಗೆಹರಿಯದಿದ್ದರೆ ಮೇಲಿನ ಮೆಟ್ಟಿಲಿನ ಎಲ್ ಟೂ ತಂಡಕ್ಕೆ ಒಪ್ಪಿಸುವುದು. ಸಂಬಳ ಕಡಿಮೆ, ನಿದ್ದೆಯಿಲ್ಲ. ಆದರೂ ಹತ್ತಿ ಗಿರಣಿಗಳ ಸೈರನ್ ನಿಂತುಹೋದ ನಮ್ಮ ಊರಿನ ಯುವಕರಿಗೆ ಸುಮಾರು 260 ಕಿ.ಮೀ. ದೂರದ ಈ ರಾತ್ರಿ ಪಾಳಿಯೇ ಹೊಸ ಗಿರಣಿಯಾಯಿತು. ಎಲ್ ಟೂ ಎಂಜಿನಿಯರ್ ಏನು ಮಾಡುತ್ತಾನೆಂದು ಹಿಂದೆ ನಿಂತು ನೋಡುತ್ತಾ ನೋಡುತ್ತಾ ಹುಡುಗರು ತಯಾರಾಗುತ್ತಿದ್ದರು. ಪ್ರಮಾಣಪತ್ರ ಕೊಡದ ತರಬೇತಿ ಅದು.

ಈ ಮೆಟ್ಟಿಲನ್ನು ಯಾರೂ ದುರುದ್ದೇಶದಿಂದ ಕಿತ್ತುಹಾಕಲಿಲ್ಲ. ಮೊದಲು ವಿಎಂವೇರ್‌ನಂಥ ತಂತ್ರಾಂಶಗಳು ಒಂದು ಯಂತ್ರದೊಳಗೆ ಹಲವು ಸರ್ವರ್‌ಗಳನ್ನು ಕೂರಿಸಿದವು. 2006ರಲ್ಲಿ ಅಮೆಜಾನ್ ಗಂಟೆಯ ಬಾಡಿಗೆಗೆ ಸರ್ವರ್ ಕೊಡಲು ಆರಂಭಿಸಿತು; ಇದನ್ನೇ ಕ್ಲೌಡ್ ಎನ್ನುತ್ತೇವೆ. 2016ರಲ್ಲಿ ಮುಂಬೈಯಲ್ಲೇ ಅದರ ಕೇಂದ್ರಗಳು ತೆರೆದವು. ಪಪೆಟ್, ಆನ್ಸಿಬಲ್‌ನಂಥ ಸಾಧನಗಳಲ್ಲಿ ಒಮ್ಮೆ ಬರೆದಿಟ್ಟ ಸೂಚನೆ ಸಾವಿರ ಸರ್ವರ್‌ಗಳ ಮೇಲೂ ಒಂದೇ ರೀತಿ ಜಾರಿಯಾಗುತ್ತದೆ. 2013ರಲ್ಲಿ ತಂತ್ರಾಂಶವನ್ನು ಪೊಟ್ಟಣ ಕಟ್ಟುವ ಡಾಕರ್, ಮರುವರ್ಷ ಗೂಗಲ್‌ನಿಂದ ಅಂಥ ಪೊಟ್ಟಣಗಳನ್ನು ನಡೆಸುವ ಕುಬರ್ನೆಟಿಸ್ ಬಂದವು. ನಿಂತ ಸೇವೆಯನ್ನು ಮತ್ತೆ ಎಬ್ಬಿಸುವ ಕೆಲಸವನ್ನು ಕುಬರ್ನೆಟಿಸ್ ತಾನೇ ಮಾಡುತ್ತದೆ. ಎಲ್ ಒನ್ ಹುಡುಗ ರಾತ್ರಿ ಎರಡು ಗಂಟೆಗೆ ಮಾಡುತ್ತಿದ್ದ ಕೆಲಸ ಅದೇ ಅಲ್ಲವೇ? ಯಂತ್ರದ ಪಾಲಿಗೆ ಇದು ಒಳ್ಳೆಯದೇ ಆಯಿತು. ಕಲಿಯುವವನಿಗೆ ನಿಲ್ಲಲು ಜಾಗ ಉಳಿಯಲಿಲ್ಲ.

ಇಷ್ಟರ ಮೇಲೆ ಪರವಾನಗಿಯ ಪೆಟ್ಟು. ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟನ್ನು ಕೊಂಡಿತು. ಅಷ್ಟರಲ್ಲಾಗಲೇ ರೆಡ್ ಹ್ಯಾಟ್ ಕೈಸೇರಿದ್ದ, 2029ರವರೆಗೆ ನಡೆಯುತ್ತದೆಂದು ಜನ ನಂಬಿದ್ದ ಸೆಂಟ್‌ಓಎಸ್ 8, 2021ರ ಕೊನೆಗೇ ನಿಲ್ಲುತ್ತದೆಂಬ ಪ್ರಕಟಣೆ 2020ರ ಡಿಸೆಂಬರ್‌ನಲ್ಲಿ ಬಂದಿತು. ಆ ಸಿಟ್ಟಿನಿಂದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಹುಟ್ಟಿಕೊಂಡವು. ರಾಕಿಯನ್ನು ಆರಂಭಿಸಿದ್ದು ಸೆಂಟ್‌ಓಎಸ್ ಸ್ಥಾಪಕರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್. 2023ರ ನವೆಂಬರ್‌ನಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಪಾಲಾಯಿತು. ಒಮ್ಮೆ ಕೊಂಡರೆ ಶಾಶ್ವತವಾಗಿ ಉಳಿಯುವ ಪರವಾನಗಿಯ ಮಾರಾಟ ಮರುತಿಂಗಳೇ ನಿಂತು ಎಲ್ಲವೂ ಚಂದಾ ಆಯಿತು. ವರ್ಷಗಟ್ಟಲೆ ಅದೊಂದನ್ನೇ ಕಲಿತಿದ್ದವರು ಈಗ ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಕಲಿಯುತ್ತಿದ್ದಾರೆ. ನೆಟ್‌ವೇರ್ ಕಾಲದಲ್ಲಿ ನಡೆದದ್ದೇ ಮತ್ತೆ ನಡೆಯುತ್ತಿದೆ. ಬೆಲೆ ತೆರುವವನು ಮಾತ್ರ ಪ್ರತಿ ಸಲವೂ ಉತ್ಪನ್ನದ ಹೆಸರನ್ನು ನೆಚ್ಚಿಕೊಂಡ ನೌಕರ.

ಹಾಗೆಂದು ಯಂತ್ರದ ಮುಂದೆ ಕೂರುವ ಮನುಷ್ಯನ ಅಗತ್ಯ ತೀರಿದೆಯೇ? 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್ ಕಳುಹಿಸಿದ ಒಂದು ದೋಷಪೂರ್ಣ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಯಂತ್ರವೇ ಏಳದಿದ್ದಾಗ ದೂರದಿಂದ ಸರಿಪಡಿಸುವುದೂ ಸಾಧ್ಯವಾಗದೆ, ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು, ಅತ್ಯಗತ್ಯ ಭಾಗಗಳಷ್ಟೇ ಚಾಲೂ ಆಗುವ ಸೇಫ್ ಮೋಡ್‌ಗೆ ಹೋಗಿ, ಅಪ್‌ಡೇಟ್‌ನ ದೋಷಪೂರ್ಣ ಕಡತವನ್ನು ಅಳಿಸಬೇಕಾಯಿತು.

ಸಂದರ್ಶನಗಳಲ್ಲಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಡಿಸ್ಕ್ ತುಂಬಿದೆ, ಯಂತ್ರದ ಆಗುಹೋಗು ಬರೆದಿಡುವ ದೊಡ್ಡ ಲಾಗ್ ಕಡತವನ್ನು ಅಳಿಸಿದೆವು, ಆದರೂ ಜಾಗ ವಾಪಸ್ ಬರಲಿಲ್ಲ, ಏಕೆ? ಆ ಕಡತವನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದೆ. ಅದು ಬಿಡುವವರೆಗೆ ಲಿನಕ್ಸ್ ಜಾಗವನ್ನು ಮರಳಿಸುವುದಿಲ್ಲ. ನಾಲ್ಕು ಕ್ಲೌಡ್ ಪ್ರಮಾಣಪತ್ರ ಹೊತ್ತು ಬಂದವರು ಇಲ್ಲಿ ತಡವರಿಸುತ್ತಾರೆ. ತನ್ನದೇ ಒಂದು ಹಳೆಯ ಯಂತ್ರವನ್ನು ಆರು ತಿಂಗಳು ನಡೆಸಿದವರು ತಕ್ಷಣ ಹೇಳುತ್ತಾರೆ.

ಆ ಆರು ತಿಂಗಳನ್ನು ನಮ್ಮ ಕಾಲೇಜುಗಳು ತಾವೇ ಕೊಡಬಹುದು. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಊರಿಗೆ ಇದು ದೊಡ್ಡ ಸಾಹಸವಲ್ಲ. ಅಂಕ, ಶುಲ್ಕದ ದಾಖಲೆಗಳಿರುವ ಯಂತ್ರವನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು ಬೇಡ, ಗ್ರಂಥಾಲಯದಿಂದ ಆರಂಭಿಸಲಿ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ ಕೋಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶ ನಡೆಯುವುದು ಡೆಬಿಯನ್ ಲಿನಕ್ಸ್, ಅಪಾಚೆ, ಮಾಹಿತಿ ಕೂಡಿಡುವ ಮರಿಯಾಡಿಬಿ ಮೇಲೆ. ಅದರ ಸ್ಥಾಪನೆ, ಬಳಕೆದಾರರ ಅನುಮತಿಗಳು, ಪ್ರತಿ ರಾತ್ರಿಯ ಬ್ಯಾಕಪ್, ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಬೇರೊಂದು ಯಂತ್ರದಲ್ಲಿ ಎಲ್ಲವನ್ನೂ ಮರಳಿ ಕಟ್ಟಿ ತೋರಿಸುವುದು, ಇಷ್ಟನ್ನು ಒಬ್ಬ ಉಪನ್ಯಾಸಕರ ಉಸ್ತುವಾರಿಯಲ್ಲಿ ಅಂತಿಮ ವರ್ಷದ ನಾಲ್ವರಿಗೆ ವಹಿಸಿ, ಸೆಮಿಸ್ಟರ್ ಮುಗಿದಾಗ ಅವರು ಬಗೆಹರಿಸಿದ ಸಮಸ್ಯೆಗಳ ದಾಖಲೆ ಪುಸ್ತಕಕ್ಕೆ ಪ್ರಾಂಶುಪಾಲರು ಸಹಿ ಹಾಕಿ ಕೊಡಲಿ. ಅನುಭವ ಎಲ್ಲಿ ಎಂದು ಕೇಳುವ ಸಂದರ್ಶಕನ ಮುಂದೆ ಇಡಲು ಅವರ ಕೈಯಲ್ಲಿ ಏನಾದರೂ ಇರುತ್ತದೆ.