ಮಸೂರವೋ ಕನ್ನಡಿಯೋ: ದುರಸ್ತಿಯ ಮೇಜಿನ ಮೇಲೆ ಎರಡು ದೂರದರ್ಶಕಗಳು

ಕಳೆದ ಮಳೆಗಾಲ ಮುಗಿದು ಆಕಾಶ ತಿಳಿಯಾಗತೊಡಗಿದಾಗ, ಒಂದೇ ವಾರದಲ್ಲಿ ನನ್ನ ಕಾರ್ಯಾಗಾರಕ್ಕೆ ಎರಡು ದೂರದರ್ಶಕಗಳು ದುರಸ್ತಿಗೆ ಬಂದವು. ಒಂದು ಉಡುಪಿ ಕಡೆಯ ಮನೆಯೊಂದರದು, 80 ಮಿ.ಮೀ. ವ್ಯಾಸದ ಮಸೂರವಿದ್ದದ್ದು. ಇನ್ನೊಂದು 150 ಮಿ.ಮೀ. ವ್ಯಾಸದ ಕನ್ನಡಿಯದು, ಅದರ ನಾಲ್ಕಡಿ ಉದ್ದದ ಕೊಳವೆಯನ್ನು ಚಿತ್ರದುರ್ಗ ಜಿಲ್ಲೆಯ ಶಾಲೆಯೊಂದರ ವಿಜ್ಞಾನದ ಮೇಷ್ಟ್ರು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದರು. ಕನ್ನಡಿಯದ್ದು ತೆಗೆದುಕೊಂಡಿದ್ದರೆ ಈ ಪಾಡು ಬರುತ್ತಿರಲಿಲ್ಲವೇನೋ ಎಂದು ಉಡುಪಿಯವರು ಪೇಚಾಡಿದರು. "ಲೆನ್ಸಿನದ್ದೇ ತಗೋಬೇಕಿತ್ತು ಸಾರ್" ಎಂದು ಮೇಷ್ಟ್ರು ನಿಟ್ಟುಸಿರುಬಿಟ್ಟರು. ಮೊದಲ ದೂರದರ್ಶಕ ಕೊಳ್ಳುವ ಮುನ್ನ ನನಗೆ ಫೋನ್ ಮಾಡುವವರೆಲ್ಲ ಕೇಳುವ, ಮಸೂರದ್ದು ಒಳ್ಳೆಯದೋ ಕನ್ನಡಿಯದ್ದೋ ಎಂಬ ಪ್ರಶ್ನೆಗೆ ಈ ಎರಡು ಉಪಕರಣಗಳನ್ನು ಬಿಚ್ಚಿ ನೋಡುತ್ತಲೇ ಉತ್ತರ ಹೇಳುವುದು ಸರಿಯೆನಿಸುತ್ತದೆ.

ಮೊದಲು ಉಡುಪಿಯದು. ಮಸೂರದ ಮೇಲೆ ಓರೆಯಾಗಿ ಟಾರ್ಚ್ ಹಿಡಿದರೆ ಅಂಚಿನಿಂದ ಮಧ್ಯದ ಕಡೆಗೆ ಜೇಡರ ಬಲೆಯ ಎಳೆಗಳಂತೆ ಹಬ್ಬಿದ ಬೂಷ್ಟು ಕಾಣಿಸಿತು. ಅದು ಇದ್ದದ್ದು ಹೊರಮೈಯಲ್ಲಲ್ಲ, ಎರಡು ಗಾಜುಗಳ ನಡುವಿನ ಸಂದಿಯಲ್ಲಿ. ದೂರದರ್ಶಕದ ಮುಂದಿನ ಮಸೂರ ನೋಡಲು ಒಂದೇ ಗಾಜಿನಂತಿದ್ದರೂ ಅದು ಸಾಮಾನ್ಯವಾಗಿ ಎರಡು ಗಾಜುಗಳ ಜೋಡಿ, ಒಂದು ಕ್ರೌನ್ ಗಾಜು, ಮತ್ತೊಂದು ಫ್ಲಿಂಟ್ ಗಾಜು. ಒಂದೇ ಮಸೂರವಿದ್ದರೆ ಅದು ಪಟ್ಟಕದಂತೆ ಬೆಳಕಿನ ಬಣ್ಣಗಳನ್ನು ಬೇರೆ ಬೇರೆ ದೂರದಲ್ಲಿ ಸೇರಿಸುವುದರಿಂದ ಪ್ರತಿ ನಕ್ಷತ್ರದ ಸುತ್ತಲೂ ಬಣ್ಣದ ಪ್ರಭೆ ಕಾಣುತ್ತದೆ. ಮಸೂರದಲ್ಲಿ ಈ ದೋಷ ತಪ್ಪದೆಂದು ನಂಬಿದ ನ್ಯೂಟನ್ 1668ರಲ್ಲಿ ಮಸೂರದ ಬದಲು ಲೋಹದ ನಿಮ್ನ ದರ್ಪಣವಿಟ್ಟು ತನ್ನ ಪುಟ್ಟ ದೂರದರ್ಶಕವನ್ನು ಕಟ್ಟಿದ. ಆದರೆ ಎರಡು ಬಗೆಯ ಗಾಜುಗಳನ್ನು ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಕಳೆಯುತ್ತದೆಂಬುದು ಮುಂದಿನ ಶತಮಾನದಲ್ಲಿ ಗೊತ್ತಾಯಿತು, ಮತ್ತು 1758ರಲ್ಲಿ ಲಂಡನ್ನಿನ ಜಾನ್ ಡಾಲೆಂಡ್ ಅಂಥ ಜೋಡಿಮಸೂರಕ್ಕೆ ಪೇಟೆಂಟ್ ಪಡೆದ.

ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. 80 ಮಿ.ಮೀ. ಮಸೂರದ ಸಂಗಮದೂರ, ಅಂದರೆ ಮಸೂರದಿಂದ ಬೆಳಕು ಒಂದುಗೂಡುವ ಬಿಂದುವಿಗಿರುವ ದೂರ, 900 ಮಿ.ಮೀ. ಇದ್ದರೆ ಉಳಿದ ಬಣ್ಣ ಕಣ್ಣಿಗೆ ಬೀಳುವುದು ಕಡಿಮೆ. ಅದೇ ವ್ಯಾಸಕ್ಕೆ ಸಂಗಮದೂರ 400 ಮಿ.ಮೀ. ಇರುವ ಗಿಡ್ಡ ಕೊಳವೆಯಲ್ಲಿ ಶುಕ್ರನ ಸುತ್ತ ನೇರಳೆ ಪ್ರಭೆ ಎದ್ದು ಕಾಣುತ್ತದೆ. ಶುಕ್ರ ನಿಜಕ್ಕೂ ನೇರಳೆ ಬಣ್ಣದ್ದೇ ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು, ಮತ್ತು ಅವಳು ಕಂಡದ್ದನ್ನು ಕಂಡಂತೆಯೇ ಹೇಳಿದ್ದಳು. ವಿಶೇಷ ಗಾಜು ಬಳಸಿ ಈ ಬಣ್ಣವನ್ನು ಇನ್ನಷ್ಟು ಅಳಿಸಿದ ಮಸೂರಗಳೂ ಸಿಗುತ್ತವೆ, ಆದರೆ ಆ ಬೆಲೆಗೆ ಎರಡು ಮೂರು ದೊಡ್ಡ ಕನ್ನಡಿಯ ದೂರದರ್ಶಕಗಳೇ ಬಂದುಬಿಡುತ್ತವೆ.

ಜೋಡಿಮಸೂರವನ್ನು ಬಿಚ್ಚುವ ಮೊದಲು ಎರಡೂ ಗಾಜುಗಳ ಅಂಚಿನ ಮೇಲೆ ಅಡ್ಡಲಾಗಿ, ಮೊನೆ ಮುಂದಕ್ಕಿರುವಂತೆ, V ಆಕಾರದ ಪೆನ್ಸಿಲ್ ಗೆರೆ ಎಳೆದುಕೊಳ್ಳಬೇಕು. ಯಾವುದು ಮುಂದೆ, ಯಾವ ಮೈ ಒಳಗೆ, ಎಷ್ಟು ತಿರುಗಿಸಿ ಕೂರಿಸಿದ್ದರು ಎಂಬ ಮೂರೂ ಸಂಗತಿಗಳನ್ನು ಆ ಗೆರೆಯೇ ಕಾಯುತ್ತದೆ. ಗೆರೆ ಎಳೆಯದೆ ಮನೆಯಲ್ಲೇ ಬಿಚ್ಚಿ, ಫ್ಲಿಂಟ್ ಗಾಜನ್ನು ತಿರುವುಮುರುವಾಗಿ ಕೂರಿಸಿ, ಏನೂ ಕಾಣುತ್ತಿಲ್ಲ ಎಂದು ತಂದವರೂ ಇದ್ದಾರೆ. ಉಡುಪಿಯ ಮಸೂರದಲ್ಲಿ ಬೂಷ್ಟು ಹೋಯಿತಾದರೂ ಅದು ಒಸರಿದ ಆಮ್ಲ ಲೇಪನವನ್ನು ತಿಂದ ಜಾಗದಲ್ಲಿ ಮಸುಕು ಗೆರೆಗಳು ಉಳಿದವು. ನೋಟಕ್ಕೆ ಅದರಿಂದ ದೊಡ್ಡ ಕುಂದಿಲ್ಲವೆಂದು ಅವರಿಗೆ ಬಿಡಿಸಿ ಹೇಳಿದೆ. ತಪ್ಪು ಮಸೂರದ್ದಾಗಿರಲಿಲ್ಲ. ಇಬ್ಬನಿಯಲ್ಲಿ ನೆಂದ ಕೊಳವೆಯನ್ನು ಒರೆಸಿ, ಕೂಡಲೇ ಸ್ಪಂಜಿನ ಪೆಟ್ಟಿಗೆಯೊಳಗಿಟ್ಟು, ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಮುಚ್ಚಳ ತೆಗೆದಿರಲಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಹಾಗೆ ಮುಚ್ಚಿಟ್ಟ ಪೆಟ್ಟಿಗೆ ಬೂಷ್ಟು ಬೆಳೆಸುವ ಮಡಿಯೇ ಸರಿ.

ಕನ್ನಡಿಯದ್ದು ಕೊಂಡಿದ್ದರೆ ಅವರು ಪಾರಾಗುತ್ತಿದ್ದರೇ? ಇಬ್ಬನಿಯ ಮಟ್ಟಿಗೆ ಹೌದು. ಕೊಳವೆಯ ತಳದಲ್ಲಿ ಕೂತ ಕನ್ನಡಿಗೆ ಆಕಾಶದ ತಂಪು ಸುಲಭವಾಗಿ ತಾಗುವುದಿಲ್ಲ, ಮುಂಚೂಣಿಯಲ್ಲಿರುವ ಮಸೂರವಾದರೋ ಗಂಟೆಯೊಳಗೆ ಬೆವರತೊಡಗುತ್ತದೆ. ಆದರೆ ಕನ್ನಡಿಯ ಮೇಲಿರುವುದು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಅಲ್ಯೂಮಿನಿಯಂ ಪದರ. ಅದರ ಮೇಲೆ ರಕ್ಷಕ ಲೇಪನ ಇದ್ದರೂ, ತೆರೆದ ಕೊಳವೆಯಲ್ಲಿ ಉಪ್ಪುಗಾಳಿ ಆಡಿದರೆ ಪದರ ಬೇಗ ಮಂಕಾಗುತ್ತದೆ, ಆಮೇಲೆ ನಿರ್ವಾತ ಕೋಣೆಯಲ್ಲಿಟ್ಟು ಮತ್ತೆ ಲೇಪಿಸಬೇಕಾಗುತ್ತದೆ. ಹಾಗಾಗಿ ಸಮುದ್ರದ ಹತ್ತಿರ ವಾಸವಿದ್ದು, ಒಂದು ಚಿಕ್ಕ ಉಪಕರಣ ಸಾಕೆನ್ನುವವರಿಗೆ ನಾನು ಮಸೂರದ್ದನ್ನೇ ಹೇಳುತ್ತೇನೆ. ಅದನ್ನು ಇಡಲು ಗಾಳಿಯಾಡುವ ಜಾಗ ಬೇಕು, ಪೆಟ್ಟಿಗೆಯಲ್ಲಿಟ್ಟರೆ ಸಿಲಿಕಾ ಜೆಲ್ ಪೊಟ್ಟಣ ಬೇಕು, ಮತ್ತು ಆ ಪೊಟ್ಟಣದ ಹರಳುಗಳನ್ನು ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸುವ ಶಿಸ್ತು ಬೇಕು.

ಇನ್ನು ಮೇಷ್ಟ್ರದು. "ಮೊದಲ ವರ್ಷ ಶನಿಯ ಉಂಗುರ ನೋಡಿ ಮಕ್ಕಳು ಕುಣಿದಾಡಿದ್ರು ಸಾರ್, ಈಗ ಏನು ಮಾಡಿದರೂ ಎಲ್ಲ ಕಲಸಿದ ಹಾಗೆ ಕಾಣುತ್ತೆ" ಎಂದರು. ಕನ್ನಡಿ ಹಾಳಾಗಿದೆ ಎಂಬುದು ಅವರ ಭಯ. ಸಂಜೆ ತಾರಸಿಯ ಮೇಲೆ ಅದನ್ನು ಅಭಿಜಿತ್ ನಕ್ಷತ್ರದತ್ತ ತಿರುಗಿಸಿ, ಬೇಕೆಂದೇ ಫೋಕಸ್ ತಪ್ಪಿಸಿ ನೋಡಿದೆ. ನಕ್ಷತ್ರ ಹರಡಿ ಬಿಲ್ಲೆಯಾಯಿತು, ಬಿಲ್ಲೆಯೊಳಗೆ, ದೊಡ್ಡ ಕನ್ನಡಿಯ ಬೆಳಕನ್ನು ಕಣ್ಣಿನತ್ತ ತಿರುಗಿಸಲು ಕೊಳವೆಯ ಮುಂಭಾಗದಲ್ಲಿ ಕೂರಿಸಿರುವ ಚಿಕ್ಕ ಕನ್ನಡಿಯ ಕಪ್ಪು ನೆರಳು ಮಧ್ಯದಲ್ಲಿರದೆ ಒಂದು ಅಂಚಿಗೆ ಸರಿದಿತ್ತು. ಮೇಷ್ಟ್ರನ್ನು ಕರೆದು ತೋರಿಸಿದೆ. ಕನ್ನಡಿಗೆ ಏನೂ ಆಗಿರಲಿಲ್ಲ. ಶಾಲೆಯಿಂದ ಶಾಲೆಗೆ ಒಯ್ಯುವಾಗ ಕುಲುಕಾಟಕ್ಕೆ ಅದು ತನ್ನ ನೇರದಿಂದ ಕೊಂಚ ವಾಲಿತ್ತು, ಅಷ್ಟೆ. ಇದನ್ನು ಸರಿಪಡಿಸುವ ಕೆಲಸಕ್ಕೆ ಕಾಲಿಮೇಶನ್ ಎನ್ನುತ್ತೇವೆ. ಮಸೂರದ ದೂರದರ್ಶಕದಲ್ಲಿ ಕಾರ್ಖಾನೆಯವರು ಒಮ್ಮೆ ಮಾಡಿಟ್ಟ ಜೋಡಣೆ ವರ್ಷಗಟ್ಟಲೆ ಹಾಗೇ ಇರುತ್ತದೆ; ಕನ್ನಡಿಯದರಲ್ಲಿ ಅದು ವೀಣೆಯ ಶ್ರುತಿಯಿದ್ದಂತೆ, ನುಡಿಸುವವರೇ ಪ್ರತಿ ಸಲ ನೋಡಿಕೊಳ್ಳಬೇಕು.

ಈ ತೊಂದರೆಯಿದ್ದರೂ ಶಾಲೆಗಳಿಗೆ ಕನ್ನಡಿಯನ್ನೇ ಸೂಚಿಸುತ್ತೇನೆ, ಏಕೆಂದರೆ ದೂರದರ್ಶಕದ ಮೊದಲ ಕೆಲಸ ಬೆಳಕನ್ನು ಕೂಡಿಸುವುದು, ಅದನ್ನು ಹಿಗ್ಗಿಸಿ ತೋರಿಸುವುದು ಆಮೇಲಿನ ಮಾತು. 150 ಮಿ.ಮೀ. ಕನ್ನಡಿಯ ಲೆಕ್ಕವನ್ನೇ ನೋಡಿ. ವ್ಯಾಸದ ಕಾಲುಭಾಗವಿರುವ ಚಿಕ್ಕ ಕನ್ನಡಿ ಬೆಳಕಿನ ಹಾದಿಯಲ್ಲಿ ಅಡ್ಡ ನಿಂತರೆ ವಿಸ್ತೀರ್ಣದಲ್ಲಿ ಶೇ. 6ರಷ್ಟು ಹೋಗುತ್ತದೆ, ಪ್ರತಿ ಅಲ್ಯೂಮಿನಿಯಂ ಮೈ ಶೇ. 88ರಷ್ಟು ಬೆಳಕನ್ನು ಮರಳಿಸಿದರೆ ಎರಡು ಪ್ರತಿಫಲನಗಳ ಬಳಿಕ ಶೇ. 77 ಉಳಿಯುತ್ತದೆ, ಎರಡನ್ನೂ ಸೇರಿಸಿದರೆ ಕಣ್ಣಿಗೆ ಬರುವುದು ಶೇ. 72. ಅಂದರೆ ಏನೂ ನಷ್ಟವಿಲ್ಲದ 127 ಮಿ.ಮೀ. ಮಸೂರದಷ್ಟು. ಮಸೂರವೇ ಮೇಲು ಎನ್ನುವವರು ಈ ನಷ್ಟವನ್ನಷ್ಟೇ ಹೇಳುತ್ತಾರೆ. ಆದರೆ ಆ ಬೆಲೆಗೆ ಸಿಗುವುದು 127 ಮಿ.ಮೀ. ಮಸೂರವಲ್ಲ, 70 ಅಥವಾ 80 ಮಿ.ಮೀ.ನದು, 70 ಮಿ.ಮೀ.ನದಕ್ಕಿಂತ ಮೇಷ್ಟ್ರ ಕನ್ನಡಿ ಮೂರು ಪಟ್ಟಿಗೂ ಹೆಚ್ಚು ಬೆಳಕು ತರುತ್ತದೆ. ಊರದೀಪಗಳಿಲ್ಲದ ಚಿತ್ರದುರ್ಗದ ಬಯಲಿನಲ್ಲಿ, ಏಪ್ರಿಲ್–ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ಸುಮಾರು 28 ಡಿಗ್ರಿ ಎತ್ತರಕ್ಕೆ ಬರುವ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛವನ್ನು 70 ಮಿ.ಮೀ. ಮಸೂರದಲ್ಲಿ ನೋಡಿದರೆ ಒಂದು ಮಬ್ಬು ಉಂಡೆ, 150 ಮಿ.ಮೀ. ಕನ್ನಡಿಯಲ್ಲಿ ನೋಡಿದರೆ ಸಕ್ಕರೆ ಚೆಲ್ಲಿದಂತೆ ಬಿಡಿಬಿಡಿ ನಕ್ಷತ್ರಗಳು.

ಕನ್ನಡಿ ಅಗ್ಗವಾಗುವುದಕ್ಕೂ ಕಾರಣವಿದೆ. ಜೋಡಿಮಸೂರದಲ್ಲಿ ನಾಲ್ಕು ಮೈಗಳನ್ನು ಉಜ್ಜಬೇಕು, ಬೆಳಕು ಗಾಜಿನ ಒಳಗೇ ಹಾಯುವುದರಿಂದ ಗಾಜು ಆದ್ಯಂತ ಒಂದೇ ಹದವಾಗಿರಬೇಕು. ದೊಡ್ಡ ಕನ್ನಡಿಯಲ್ಲಿ ಕೆಲಸ ಒಂದೇ ಮೈಗೆ. ಒಳಗೆ ಸಣ್ಣ ಗುಳ್ಳೆಯಿದ್ದರೂ ಅಡ್ಡಿಯಿಲ್ಲ. ಆದರೆ ಪ್ರತಿಫಲನದಲ್ಲಿ ಮೈಯ ತಪ್ಪು ಇಮ್ಮಡಿಯಾಗಿ ಬೆಳಕಿನಲ್ಲಿ ಕಾಣುವುದರಿಂದ ಆ ಒಂದು ಮೈ ಮಸೂರದ ಮೈಗಿಂತ ಸುಮಾರು ನಾಲ್ಕು ಪಟ್ಟು ನಿಖರವಾಗಿರಬೇಕು, ಅಂದರೆ ಒಂದು ಮಿಲಿಮೀಟರನ್ನು 14,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರುತಗ್ಗು ಇರಬಾರದು. ಇಷ್ಟು ನಿಖರತೆಯನ್ನು ಎರಡು ಗಾಜಿನ ಬಿಲ್ಲೆ, ಉಜ್ಜುವ ಕಾರ್ಬೊರಂಡಂ ಪುಡಿ, ಹೊಳಪು ಕೊಡುವ ಸೀರಿಯಂ ಆಕ್ಸೈಡ್, ಮೈಯ ಆಕಾರ ಪರೀಕ್ಷಿಸಲು ಒಂದು ಬ್ಲೇಡಿನ ಅಂಚು ಇವಿಷ್ಟರಿಂದ ಹವ್ಯಾಸಿಗಳು ಕೈಯಿಂದಲೇ ಸಾಧಿಸುತ್ತಾರೆಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುವ ಸಂಗತಿ. 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ಸನ್ನು ಕಂಡದ್ದು ತಾನೇ ಉಜ್ಜಿದ, ಸುಮಾರು 16 ಸೆಂ.ಮೀ.ನ ಲೋಹದ ಕನ್ನಡಿಯಿಂದ. ಮೇಷ್ಟ್ರ ಕನ್ನಡಿಯೂ ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ದೊಡ್ಡ ವೀಕ್ಷಣಾಲಯಗಳು ಮಸೂರವನ್ನು ಬಿಟ್ಟದ್ದೂ ಇಂಥದೇ ಕಾರಣಕ್ಕೆ. ಅಂಚಿನಲ್ಲಷ್ಟೇ ಹಿಡಿದು ನಿಲ್ಲಿಸಬಹುದಾದ ಮಸೂರ ದೊಡ್ಡದಾದಂತೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. 1897ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ ನಿಂತ 1.02 ಮೀಟರಿನ ಮಸೂರಕ್ಕಿಂತ ದೊಡ್ಡದು ನಕ್ಷತ್ರ ಸಂಶೋಧನೆಯಲ್ಲಿ ಮತ್ತೆ ಬಳಕೆಗೆ ಬರಲಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಾವಲೂರಿನಲ್ಲಿ 1986ರಿಂದ ನಡೆಸುತ್ತಿರುವ 2.34 ಮೀಟರಿನ ವೇಣು ಬಪ್ಪು ದೂರದರ್ಶಕ ಕನ್ನಡಿಯದು.

ನಗರದಲ್ಲಿರುವವರ ಲೆಕ್ಕ ಬೇರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ನೀಹಾರಿಕೆಗಳನ್ನು ಬೀದಿದೀಪಗಳು ನುಂಗಿಬಿಡುತ್ತವೆ, ಉಳಿಯುವುದು ಚಂದ್ರ, ಗ್ರಹಗಳು ಮತ್ತು ಜೋಡಿ ನಕ್ಷತ್ರಗಳು. ಇವಕ್ಕೆಲ್ಲ ಬೆಳಕು ಸಾಕಷ್ಟಿದೆ, ಬೇಕಾದದ್ದು ಸ್ಪಷ್ಟತೆ. ಹಾದಿಯಲ್ಲಿ ಅಡ್ಡಿಯಿಲ್ಲದ ಮಸೂರ ಅದೇ ಅಗಲದ ಕನ್ನಡಿಗಿಂತ ಗುರುವಿನ ಪಟ್ಟೆಗಳನ್ನು ತುಸು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಐದು ನಿಮಿಷದಲ್ಲಿ ಹೊರಗಿಟ್ಟು ನೋಡಿ ಒಳಗೆ ತರಬಹುದು; ದೊಡ್ಡ ಕನ್ನಡಿ ಹೊರಗಿನ ಗಾಳಿಯ ತಂಪಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಇಂಥ ಮನೆಗೆ 80 ಮಿ.ಮೀ. ಮಸೂರ ಒಳ್ಳೆಯ ಸಂಗಾತಿ.

ಮಸೂರವಾಗಲಿ ಕನ್ನಡಿಯಾಗಲಿ, ಅದನ್ನು ಹೊರುವ ಕಾಲು ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ, ಮತ್ತು ಈ ವಿಷಯದಲ್ಲಿ ನಮ್ಮ ಅಕ್ಷಾಂಶಕ್ಕೆ ಒಂದು ವಿಶೇಷ ತೊಡಕಿದೆ. ಭೂಮಿಯ ತಿರುಗುವಿಕೆಯನ್ನು ಅನುಸರಿಸಲು ಮಾಡಿದ ಈಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಧ್ರುವನಕ್ಷತ್ರದತ್ತ ಓರೆಯಿಡಬೇಕು. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ಇರುವುದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ. ಯೂರೋಪು, ಅಮೆರಿಕಗಳ ಅಕ್ಷಾಂಶಕ್ಕೆಂದು ಮಾಡಿದ ಎಷ್ಟೋ ಮೌಂಟುಗಳನ್ನು ಅಷ್ಟು ಕೆಳಗೆ ಬಾಗಿಸಿದರೆ ಪ್ರತಿತೂಕದ ಸಲಾಕೆ ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ಹೊಸಬರಿಗೆ ಈ ಗೋಜೇ ಬೇಡ. ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾನ್ ಡಾಬ್ಸನ್ ಬೀದಿಬದಿಯ ಜನರಿಗೆ ಆಕಾಶ ತೋರಿಸಲು ರೂಢಿಗೆ ತಂದ ಮರದ ಪೆಟ್ಟಿಗೆಯ ಮೌಂಟು, ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಕೈಯಿಂದ ತಳ್ಳಿದಂತೆ ತಿರುಗುತ್ತದೆ. ಊರಿನ ಬಡಗಿಯೇ ಅದನ್ನು ಮಾಡಿಕೊಡಬಲ್ಲ.

ಡಬ್ಬದ ಮೇಲಿನ ಬರಹ ನೋಡಿ ಕೊಳ್ಳಬೇಡಿ. "525 ಪಟ್ಟು" ಎಂದು ಬರೆದ 70 ಮಿ.ಮೀ. ದೂರದರ್ಶಕ ನನ್ನ ಮೇಜಿಗೆ ಎಷ್ಟೋ ಬಂದಿವೆ. 700 ಮಿ.ಮೀ. ಸಂಗಮದೂರವನ್ನು 4 ಮಿ.ಮೀ. ಐಪೀಸಿನಿಂದ (ಕಣ್ಣಿಡುವ ಕಡೆಯ ಪುಟ್ಟ ಮಸೂರ) ಭಾಗಿಸಿ, ನೋಟವನ್ನು ಮತ್ತೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರದಿಂದ ಗುಣಿಸಿ ಬಂದ ಸಂಖ್ಯೆ ಅದು. ಒಂದು ಮಿಲಿಮೀಟರ್ ವ್ಯಾಸಕ್ಕೆ ಎರಡು ಪಟ್ಟು ಎಂಬುದು ಮಿತಿ, ಆದ್ದರಿಂದ ಅದು ಸರಿಯಾಗಿ ತಾಳುವುದು 140 ಪಟ್ಟನ್ನು ಮಾತ್ರ. ಹಾಗೆಯೇ ಸಂಗಮದೂರ 1000 ಮಿ.ಮೀ. ಎಂದು ಬರೆದು, ಕೊಳವೆ ಮಾತ್ರ ಅರ್ಧ ಮೀಟರಿನಷ್ಟೇ ಇರುವ 114 ಮಿ.ಮೀ. ಕನ್ನಡಿಯ ನ್ಯೂಟೋನಿಯನ್‌ಗಳ ಫೋಕಸರಿನಲ್ಲಿ (ಐಪೀಸ್ ಕೂರುವ ಗಿಡ್ಡ ಕೊಳವೆ) ಒಂದು ಮಸೂರ ಅಡಗಿರುತ್ತದೆ. ಅವನ್ನು ಕಾಲಿಮೇಟ್ ಮಾಡುವುದು ನನಗೇ ಕಷ್ಟ, ಹೊಸಬರಿಗಂತೂ ಆಗದ ಮಾತು. ಐಪೀಸಿಗೆ ತಿರುಪುವ ಸೌರಫಿಲ್ಟರ್ ಜೊತೆಗೆ ಬಂದಿದ್ದರೆ ಆ ದಿನವೇ ಎಸೆಯಿರಿ. ಒಟ್ಟುಗೂಡಿದ ಬಿಸಿಗೆ ಅದು ಥಟ್ಟನೆ ಒಡೆದರೆ ಕಣ್ಣು ಹೋಗುತ್ತದೆ. ಸೂರ್ಯನನ್ನು ನೋಡುವುದಾದರೆ ಕೊಳವೆಯ ಮುಂಬಾಯಿಯನ್ನೇ ಪೂರ್ತಿ ಮುಚ್ಚುವ ಫಿಲ್ಟರ್ ಬೇಕು.

ಆ ಸಂಜೆ ಮೇಷ್ಟ್ರ ಕೈಗೇ ತಿರುಪುಗಳನ್ನು ಬಿಟ್ಟೆ. ಹಳೆಯ ಫಿಲ್ಮ್ ರೋಲಿನ ಡಬ್ಬಿಯ ಮಧ್ಯಕ್ಕೆ ಸರಿಯಾಗಿ ತೂತು ಕೊರೆದು, ಅದನ್ನು ಐಪೀಸಿನ ಜಾಗದಲ್ಲಿಟ್ಟು ಇಣುಕಿ, ದೊಡ್ಡ ಕನ್ನಡಿಯ ನಡುವಿನ ಗುರುತನ್ನು ಮಧ್ಯಕ್ಕೆ ತರುವುದು ಮೊದಲ ಹಂತ. ಆಮೇಲೆ ನಕ್ಷತ್ರ. ಅವರು ಹಿಂದಿನ ಮೂರು ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿದರು, ನಕ್ಷತ್ರ ನೋಟದಿಂದ ಜಾರಿತು, ಮತ್ತೆ ಹುಡುಕಿ ನಡುವಿಗೆ ತಂದರು. "ಉಲ್ಟಾ ಹೋಯ್ತು ಸಾರ್" ಎಂದರು. "ಇನ್ನೊಂದನ್ನು ಸಡಿಲಿಸಿ ಮೇಷ್ಟ್ರೇ, ಆತುರ ಬೇಡ" ಎಂದೆ. ನಾಲ್ಕನೇ ಸಲಕ್ಕೆ ಕಪ್ಪು ನೆರಳು ಬಿಲ್ಲೆಯ ಸರಿ ನಡುವೆ ಬಂದು ನಿಂತಿತು. ಆಗ 8 ಮಿ.ಮೀ. ಐಪೀಸ್ ಹಾಕಿ, ಅಭಿಜಿತ್‌ನಿಂದ ಸ್ವಲ್ಪವೇ ಸರಿಸಿ ಎಪ್ಸಿಲಾನ್ ಲೈರೇ ನಕ್ಷತ್ರವನ್ನು ತೋರಿಸಿದೆ. ಬರಿಗಣ್ಣಿಗೆ ಒಂದೆಂಬಂತೆ ಕಾಣುವ ಅದು ಐಪೀಸಿನಲ್ಲಿ ಎರಡಾಗಿ, ಆ ಎರಡರಲ್ಲಿ ಪ್ರತಿಯೊಂದೂ ಮತ್ತೆ ಎರಡಾಗಿ ಒಡೆಯುವುದನ್ನು ಮೇಷ್ಟ್ರು ಬಹಳ ಹೊತ್ತು ನೋಡಿದರು. ಮರುದಿನ ಊರಿಗೆ ಹೊರಡುವಾಗ ಆ ಫಿಲ್ಮ್ ಡಬ್ಬಿಯನ್ನು ಕೇಳಿ ಪಡೆದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದರು.