ಬೋಧಕರ ತರಬೇತಿ: ತಾಲೀಮು ಇಲ್ಲದ್ದಕ್ಕೆ ಆ ಹೆಸರು ಬೇಡ

ಬೆಳಗಾವಿಯಿಂದ ವಿಜಯಪುರದವರೆಗೆ ಕಾಲೇಜುಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಬೋಧಕರ ತರಬೇತಿ’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಒಳಗೆ ನೋಡಿದರೆ, ಮಾಸ್ತರರನ್ನು ಕೂರಿಸಿ ಸ್ಲೈಡಿನ ಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ತೋರಿಸುವ ಕಾರ್ಯಕ್ರಮ. ಅದು ಪೈಥಾನ್ ತರಗತಿ, ಅಷ್ಟೇ. ಬೋಧಕರ ತರಬೇತಿಯಲ್ಲಿ ಕಲಿಯುವ ವಿಷಯ ಕಲಿಸುವಿಕೆ. ಪೈಥಾನ್ ಆಗಲೇ ಬರುತ್ತದೆ ಎಂದುಕೊಂಡೇ ಅದು ಶುರುವಾಗಬೇಕು.

‘ತರಬೇತಿ’ ಅರಬ್ಬಿಯ ‘ತರ್ಬಿಯತ್’. ಫಾರ್ಸಿಯ ದಾರಿ ಹಿಡಿದು ಇತ್ತ ಬಂತು. ಮೂಲದಲ್ಲಿ ಮಕ್ಕಳನ್ನು ಸಾಕಿ ಬೆಳೆಸುವುದು, ತಿದ್ದುವುದು ಎಂದರ್ಥ. ಅದರ ಒಡಹುಟ್ಟಿನಂಥ ‘ತಾಲೀಮು’ ಇನ್ನೂ ಸ್ವಾರಸ್ಯದ್ದು. ‘ಇಲ್ಮ್’, ಅಂದರೆ ಅರಿವು. ಅದೇ ಧಾತುವಿನಿಂದ ಹುಟ್ಟಿದ ಈ ಪದ ಉರ್ದುವಿನಲ್ಲಿ ಇಂದಿಗೂ ಶಿಕ್ಷಣವನ್ನೇ ಹೇಳುತ್ತದೆ. ನಮ್ಮ ಕಡೆ ಅದು ಪುಸ್ತಕ ಬಿಟ್ಟು ಗರಡಿಮನಿ ಹೊಕ್ಕಿತು, ನಾಟಕದವರ ಅಂಗಳ ಹೊಕ್ಕಿತು. ಪಟ್ಟುಗಳ ಬಗ್ಗೆ ಭಾಷಣ ಕೇಳಿ ಬಂದವನನ್ನು ಬಾಗಲಕೋಟೆಯಲ್ಲಿ ಯಾರೂ ತಾಲೀಮು ಮಾಡಿದ ಪೈಲ್ವಾನ ಅನ್ನುವುದಿಲ್ಲ. ಮಣ್ಣಿಗೆ ಇಳಿಯಬೇಕು, ವಸ್ತಾದ ಪಕ್ಕದಲ್ಲಿ ನಿಂತು ‘ಕಾಲು ತಪ್ಪಿತು ನೋಡು’ ಅನ್ನಬೇಕು, ಅದೇ ಪಟ್ಟು ಮತ್ತೆ ಹಿಡಿಯಬೇಕು. ಬೋಧಕರ ತರಬೇತಿಗೆ ಬೇಕಾದದ್ದು ಈ ಅರ್ಥ.

ವಿಜ್ಞಾನಿಗಳಿಗೆ ಕಂಪ್ಯೂಟರ್ ಕೆಲಸ ಕಲಿಸಲು 1998ರಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಶುರು ಮಾಡಿದ್ದು ಸಾಫ್ಟ್‌ವೇರ್ ಕಾರ್ಪೆಂಟ್ರಿ. ಹೆಸರಿನಲ್ಲೇ ಬಡಿಗತನ ಇದೆ. ಅಲ್ಲಿಂದ ಬೆಳೆದ ಬೋಧಕರ ತರಬೇತಿ ಎರಡು ಪೂರ್ಣ ದಿನಗಳದ್ದು, ಇಲ್ಲವೇ ನಾಲ್ಕು ಅರ್ಧ ದಿನಗಳದ್ದು. ಅದರಲ್ಲಿ ಪ್ರತಿಯೊಬ್ಬರೂ ಕೆಲವೇ ನಿಮಿಷ ನಿಜವಾಗಿ ಕಲಿಸುತ್ತಾರೆ. ಕೇಳುವವರು ಹಾಳೆಯನ್ನು ನಾಲ್ಕು ಮನೆ ಮಾಡಿ ಬರೆಯುತ್ತಾರೆ: ವಿಷಯದಲ್ಲಿ ಸರಿಯಾದದ್ದು, ತಪ್ಪಿದ್ದು, ಹೇಳಿದ ರೀತಿಯಲ್ಲಿ ಸರಿಯಾದದ್ದು, ತಪ್ಪಿದ್ದು. ‘ಚೆನ್ನಾಗಿತ್ತು ಸರ್’ ಎಂಬ ಮಾತಿಗೆ ಆ ಹಾಳೆಯಲ್ಲಿ ಜಾಗವಿಲ್ಲ.

ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಸಿದ್ಧ ಪ್ರೋಗ್ರಾಮನ್ನು ಅಂಟಿಸಿ ಓಡಿಸುತ್ತಾರೆ. ಬೋಧಕರು ಒಂದೊಂದೇ ಸಾಲು ಎಲ್ಲರ ಎದುರು ಬೆರಳಚ್ಚಿಸುತ್ತ, ಯಾಕೆಂದು ಬಾಯಲ್ಲಿ ಹೇಳುತ್ತ ಹೋಗಬೇಕು. ಆಗ ಅವರ ವೇಗ ಕಲಿಯುವವರ ಕೈಗೆ ಹೊಂದುತ್ತದೆ, ಅವರಿಗೂ ತಪ್ಪಾಗುತ್ತದೆ, ದೋಷದ ಸಂದೇಶ ಓದಿ ತಿದ್ದುವುದನ್ನು ಕಲಿಯುವವರು ನೋಡುತ್ತಾರೆ. ಹಿಂದಿನ ಸಾಲಿಗೆ ಪರದೆಯ ಕೆಳಭಾಗ ಕಾಣದು, ಸಾಲುಗಳನ್ನು ಮೇಲಿನ ಅರ್ಧದಲ್ಲೇ ಇರಿಸಬೇಕು. ಸಿಕ್ಕಿಕೊಂಡವರ ಕೀಬೋರ್ಡಿಗೆ ಕೈ ಹಾಕಲೇಬಾರದು. ‘ಇಷ್ಟೇ ಅಲ್ಲವೇ, ಸುಲಭ’ ಎಂಬ ಮಾತು ಬಾಯಿಂದ ಬರಬಾರದು. ಬಾರದವರಿಗೆ ಅದು ಪೆಟ್ಟು.

‘ಅರ್ಥ ಆಯ್ತಾ?’ ಎಂದು ಕೇಳುವುದು ಪ್ರಶ್ನೆಯಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ ಪೈಥಾನಿನ ಈ ಸಾಲುಗಳನ್ನು ಕೊಟ್ಟು ಕೇಳಿ: ಎ = 5, ಆಮೇಲೆ ಬಿ = ಎ, ಆಮೇಲೆ ಎ = 8. ಈಗ ಬಿ ಎಷ್ಟು? ಉತ್ತರ 5, ಬಿಗೆ ಸಿಕ್ಕದ್ದು ಎ ಆಗ ಹಿಡಿದಿದ್ದ ಬೆಲೆ. ಎಂಟು ಅಂದವರು ಎಕ್ಸೆಲ್ಲಿನ ಖಾನೆಗಳ ಹಾಗೆ ಎರಡೂ ಜೋಡಿಯಾಗಿವೆ ಎಂದುಕೊಂಡಿದ್ದಾರೆ. ದೋಷ ಬರುತ್ತದೆ ಅಂದವರು ಅದನ್ನು ಗಣಿತದ ಸಮೀಕರಣವಾಗಿ ಓದಿದ್ದಾರೆ. ಒಂದೊಂದು ತಪ್ಪು ಉತ್ತರವೂ ಒಂದೊಂದು ತಪ್ಪು ತಿಳುವಳಿಕೆಯನ್ನು ಹೊರಗೆ ತರಬೇಕು. ಅಂಥ ಪ್ರಶ್ನೆ ಕಟ್ಟುವುದನ್ನು ಕಲಿಸಲು ತರಬೇತಿಯಲ್ಲಿ ಒಂದು ಗಂಟೆ ಇಡಲೇಬೇಕು.

ಪ್ರತಿಯೊಬ್ಬರಿಗೂ ಕಲಿಸಲು ಸಮಯವಿಲ್ಲ ಎಂಬ ನೆವ ನಿಲ್ಲುವುದಿಲ್ಲ. ಹದಿನಾರು ಮಂದಿ, ಒಬ್ಬರಿಗೆ 3 ನಿಮಿಷ ಕಲಿಸಲು, 4 ನಿಮಿಷ ತಿದ್ದಲು, ಎರಡು ಸುತ್ತು. ಒಬ್ಬರ ಹಿಂದೆ ಒಬ್ಬರು ಬಂದರೆ 224 ನಿಮಿಷ. ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಒಟ್ಟಿಗೆ ಶುರು ಮಾಡಿದರೆ 56.