ಮಾಡಿದ್ದು ನೀವು, ಚಿತ್ತ ಮಾತ್ರ ದೇವರದ್ದಾ?

ಸಾವಿನ ಮನೆಯಲ್ಲಿ ಸ್ವಲ್ಪ ಬಾಯಿಗೆ ಬೀಗ ಹಾಕಿಕೊಳ್ಳಿ ಅಂತ ನಮ್ಮ ಚರ್ಚಿನ ಸಭೆಯ ಹಿರಿಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವುದಿಲ್ಲ. ಕುಡಿದು ಗಾಡಿ ಓಡಿಸಿದವನೊಬ್ಬ ರಸ್ತೆ ಬದಿ ನಿಂತಿದ್ದ ಹುಡುಗನಿಗೆ ಗುದ್ದಿರುತ್ತಾನೆ. ಎಫ್‌ಐಆರ್ ಆಗಿರುತ್ತದೆ, ಪೋಸ್ಟ್‌ಮಾರ್ಟಂ ಮುಗಿದು ಶವ ಆಗಷ್ಟೇ ಮನೆಗೆ ಬಂದಿರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ತಾಯಿಯ ತಲೆ ಸವರುತ್ತಾ, "ದೇವರ ಚಿತ್ತ ಕಣಮ್ಮಾ, ನಾವೇನು ಮಾಡೋಕಾಗುತ್ತೆ" ಅಂದುಬಿಡುತ್ತಾರೆ. ಆ ತಾಯಿಯ ಕಿವಿಗೆ ಅದು ಹೇಗೆ ಬೀಳುತ್ತದೆ ಗೊತ್ತಾ? ನಿನ್ನ ಮಗನನ್ನು ಕೊಂದದ್ದು ದೇವರು, ಆ ಕುಡುಕ ಬರೀ ನೆಪ ಅಂತ.

ಕಾಯಿಲೆ, ಪ್ರವಾಹ, ಭೂಕಂಪದ ಮಾತು ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ನಾನೀಗ ಹೇಳುತ್ತಿರುವುದು ಮನುಷ್ಯ ತನ್ನ ಕೈಯಾರೆ ಮಾಡುವ ಕೆಟ್ಟದ್ದರ ಬಗ್ಗೆ ಮಾತ್ರ.

ನಮ್ಮ ಜನರ ಲೆಕ್ಕ ಸುಲಭ. ದೇವರು ಸರ್ವಶಕ್ತ, ಆತನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು, ಹಾಗಾಗಿ ನಡೆದದ್ದೆಲ್ಲ ಆತನೇ ಮಾಡಿದ್ದು. (ಹುಲ್ಲುಕಡ್ಡಿಯ ಮಾತು ಬೈಬಲಿನದಲ್ಲ, ಅಲ್ಲಿರುವುದು ತಂದೆಯ ಚಿತ್ತವಿಲ್ಲದೆ ನೆಲಕ್ಕೆ ಬೀಳದ ಗುಬ್ಬಿ. ಇರಲಿ.) ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಜಿಗಿಯುತ್ತಾರಲ್ಲ, ತೊಂದರೆ ಇರುವುದು ಅಲ್ಲಿ.

ಯೋಸೇಫನ ಕಥೆ ನೋಡಿ. ಭಾನುವಾರ ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೀರಿ, ಆದರೆ ನಿಧಾನವಾಗಿ ಓದಿರುವುದಿಲ್ಲ. ಅಣ್ಣಂದಿರು ಅವನ ನಿಲುವಂಗಿ ಕಿತ್ತುಕೊಂಡು ನೀರಿಲ್ಲದ ಗುಂಡಿಗೆ ಹಾಕುತ್ತಾರೆ. ಹಾಕಿ, ಊಟಕ್ಕೆ ಕೂರುತ್ತಾರೆ. ತಮ್ಮ ಗುಂಡಿಯಲ್ಲಿ, ಇವರು ಊಟದಲ್ಲಿ! ಆಮೇಲೆ 20 ಬೆಳ್ಳಿ ನಾಣ್ಯಕ್ಕೆ ಮಾರಿ, ಆ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನಿಗೆ ಕಳಿಸುತ್ತಾರೆ. ಎಷ್ಟೋ ವರ್ಷದ ಮೇಲೆ ಯೋಸೇಫ ಅವರಿಗೆ ಹೇಳುವ ಮಾತು ಆದಿಕಾಂಡ 50:20ರಲ್ಲಿದೆ: ನೀವು ನನಗೆ ಕೇಡು ಎಣಿಸಿದಿರಿ, ದೇವರು ಅದರಲ್ಲೇ ಒಳ್ಳೆಯದನ್ನು ಎಣಿಸಿದನು. ನಡೆದ ಘಟನೆ ಒಂದೇ, ಅದರೊಳಗೆ ಉದ್ದೇಶ ಎರಡು. ಅಣ್ಣಂದಿರಿಗೆ ಬೇಕಾಗಿದ್ದು ತಮ್ಮ ತೊಲಗುವುದು. ದೇವರಿಗೆ ಬೇಕಾಗಿದ್ದು ಬರಗಾಲದಲ್ಲಿ ಜನ ಬದುಕುವುದು. ಅಣ್ಣಂದಿರ ಹೊಟ್ಟೆಕಿಚ್ಚನ್ನು ದೇವರು ಹುಟ್ಟಿಸಲಿಲ್ಲ. ಅದು ಅವರದ್ದೇ ಸ್ವಂತ ಬಂಡವಾಳ. ಅದನ್ನು ಆತ ತಡೆಯಲಿಲ್ಲ, ನಿಜ. ತಡೆಯದೆ ಬಿಟ್ಟದ್ದನ್ನೇ ತನ್ನ ಕೆಲಸಕ್ಕೆ ತಿರುಗಿಸಿಕೊಂಡ. ಹಾಗಂತ ಅಣ್ಣಂದಿರು ಪುಣ್ಯ ಮಾಡಿದಂತಾಗುತ್ತದಾ? ಅವರಿಗೇ ಹಾಗನ್ನಿಸಲಿಲ್ಲ. ಮೂರು ವಚನ ಹಿಂದೆ ಹೋಗಿ ನೋಡಿ, ತಾವು ಮಾಡಿದ್ದನ್ನು ಪಾಪ ಅಂತಲೇ ಕರೆದು ಕ್ಷಮೆ ಕೇಳುತ್ತಿದ್ದಾರೆ.

ತಕ್ಷಣ ಯಾರಾದರೂ 45ನೇ ಅಧ್ಯಾಯ ತೆಗೆಯುತ್ತಾರೆ. "ನನ್ನನ್ನು ಇಲ್ಲಿಗೆ ಕಳುಹಿಸಿದವರು ನೀವಲ್ಲ, ದೇವರೇ ಅಂತ ಅವನೇ ಹೇಳ್ತಾನಲ್ಲ ಪಾಸ್ಟರ್?" ಹೇಳುತ್ತಾನೆ. ಆದರೆ ಯಾರು ಹೇಳಿದ್ದು? ಗುಂಡಿಗೆ ಬಿದ್ದವನು. ಗುಂಡಿಗೆ ಹಾಕಿದವರಲ್ಲ. ಬೈಬಲಿನಲ್ಲಿ ಒಂದೇ ದಿನ ಎಲ್ಲವನ್ನೂ ಕಳೆದುಕೊಂಡ ಯೋಬನದ್ದೂ ಅಷ್ಟೇ. ಶೆಬದವರು ಎತ್ತುಗಳನ್ನು ಹೊಡೆದುಕೊಂಡು ಹೋದರು, ಕಸ್ದೀಯರು ಒಂಟೆಗಳನ್ನು ಹೊಡೆದುಕೊಂಡು ಹೋದರು, ಆಳುಗಳು ಸತ್ತರು, ಮಕ್ಕಳೂ ಸತ್ತರು. ಆಗ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅಂದದ್ದು ಯೋಬ, ಲೂಟಿ ಮಾಡಿದ ಶೆಬದವರಲ್ಲ. ಪಕ್ಕದಲ್ಲಿ ಕೂತು ದೇವರ ಪರವಾಗಿ ವಕಾಲತ್ತು ಮಾಡಿದ ಸ್ನೇಹಿತರ ಮೇಲೆ ಕೊನೆಗೆ ದೇವರಿಗೇ ಸಿಟ್ಟು ಬಂತು. ಏಟು ತಿಂದವನು ಅಳುತ್ತಾ ಅಳುತ್ತಾ ಅಲ್ಲಿಗೆ ಬಂದು ಮುಟ್ಟಿದರೆ ಅದು ನಂಬಿಕೆ. ಏಟು ಕೊಟ್ಟವನು ಅದೇ ಮಾತು ಹೇಳಿದರೆ ನಾನು ಅದಕ್ಕೆ ಬೇರೆ ಹೆಸರಿಡುತ್ತೇನೆ.

ಹಿಂದೆ ನಾನಿದ್ದ ಒಂದು ಸಭೆಯಲ್ಲಿ ಕಟ್ಟಡದ ಫಂಡ್ ನೋಡಿಕೊಳ್ಳುತ್ತಿದ್ದವರು ದುಡ್ಡನ್ನು ಸ್ವಂತಕ್ಕೆ ಬಳಸಿಕೊಂಡಿದ್ದರು. ಕಮಿಟಿ ಕೂತಿತು. ರಸೀದಿ ಪುಸ್ತಕ ಮೇಜಿನ ಮೇಲಿದೆ, ನಡುವೆ ಹಾಳೆ ಹರಿದಿದೆ. ಆ ಮನುಷ್ಯ ಟೀ ಕುಡಿದು ಲೋಟ ಕೆಳಗಿಟ್ಟು, "ಎಲ್ಲಾ ದೇವರ ಚಿತ್ತದಲ್ಲೇ ನಡೆಯೋದು ಅಂತ ನೀವೇ ಪ್ರಸಂಗ ಮಾಡ್ತೀರಲ್ವಾ ಪಾಸ್ಟರ್" ಅಂದರು. ನಮ್ಮ ಕಮಿಟಿಯ ಒಬ್ಬ ಅಜ್ಜಿ, ರಿಟೈರ್ಡ್ ಟೀಚರ್, ಥಟ್ಟನೆ, "ಹಾಗಾದ್ರೆ ನಾವು ಪೊಲೀಸರಿಗೆ ಕಂಪ್ಲೇಂಟ್ ಕೊಡೋದೂ ದೇವರ ಚಿತ್ತಾನೇ ಕಣಪ್ಪಾ" ಅಂದರು. ಸೆಮಿನರಿಯಲ್ಲಿ ನನಗೆ ಯಾರೂ ಇದನ್ನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಅಂದುಕೊಳ್ಳಬೇಡಿ. ಜಗಳವಾಡದ ವಿಷಯವೇ ಇಲ್ಲದ ನಮ್ಮ ಸಭೆಗಳು ಇದೊಂದರಲ್ಲಿ ಜೊತೆಗೆ ನಿಂತಿವೆ. ದೇವರು ಯಾರನ್ನೋ ಕೆಟ್ಟದ್ದಕ್ಕೇ ನೇಮಿಸಿದ್ದಾನೆ ಎನ್ನುವವರನ್ನು 529ರಲ್ಲೇ ಈಗಿನ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಕೂಡಿದ ಬಿಷಪರ ಪರಿಷತ್ತು ಖಂಡಿಸಿತು. ಯೇಸುವನ್ನು ಹಿಡಿದುಕೊಟ್ಟ ಯೂದನ ದ್ರೋಹವೂ, ಅಪೊಸ್ತಲ ಪೌಲನಿಗೆ ಬಂದ ಕರೆಯಷ್ಟೇ ದೇವರ ಸ್ವಂತ ಕೆಲಸ ಅನ್ನುವವನು ಶಾಪಗ್ರಸ್ತ ಅಂತ ಕ್ಯಾಥೊಲಿಕರ ಟ್ರೆಂಟ್ ಪರಿಷತ್ತು 1547ರಲ್ಲಿ ಬರೆಯಿತು. ಅದರ ಕಡು ವಿರೋಧಿಗಳಾದ ಸುಧಾರಿತ (ಪ್ರೊಟೆಸ್ಟೆಂಟ್) ಸಭೆಯವರು 1646ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಿಕೆ ಎಂಬ ತಮ್ಮ ನಂಬಿಕೆಯ ಹೇಳಿಕೆ ಬರೆದು, ನಡೆಯುವುದನ್ನೆಲ್ಲ ದೇವರು ನೇಮಿಸಿದ್ದಾನೆ ಅಂದರು. ಅದೇ ವಾಕ್ಯದಲ್ಲಿ, ಆದರೂ ಆತ ಪಾಪದ ಕರ್ತೃ ಅಲ್ಲ ಅಂತಲೂ ಸೇರಿಸಿದರು.

ಹೇಗೆ ಅನ್ನುವುದರಲ್ಲಿ ಮಾತ್ರ ಜಗಳ. ದೇವರು ಕೆಟ್ಟದ್ದನ್ನು ತಡೆಯದೆ ಸುಮ್ನೆ ಬಿಟ್ಟ ಅನ್ನುವುದು ಜಿನೀವಾದ ಸುಧಾರಕ ಕ್ಯಾಲ್ವಿನ್‌ಗೆ ನುಣುಚಿಕೊಳ್ಳುವ ಮಾತಿನಂತೆ ಕಂಡಿತು. 1551ರ ಅಕ್ಟೋಬರಿನಲ್ಲಿ ಜಿನೀವಾದ ಸಭೆಯಲ್ಲಿ ಬೋಲ್ಸೆಕ್ ಎಂಬ ವೈದ್ಯ ಎದ್ದು ನಿಂತು, ನಿಮ್ಮ ಬೋಧನೆ ದೇವರನ್ನೇ ಪಾಪದ ಕರ್ತೃ ಮಾಡುತ್ತದೆ ಎಂದು ಆಕ್ಷೇಪಿಸಿದ. ಅವನನ್ನು ಜೈಲಿಗೆ ಹಾಕಿ, ವರ್ಷ ಮುಗಿಯುವುದರೊಳಗೆ ಊರು ಬಿಡಿಸಿದರು. ಕ್ಯಾಲ್ವಿನ್‌ನ ಉತ್ತರ ಚೆನ್ನಾಗಿತ್ತು ಅಂತಲೇ ನಾನು ನಂಬುತ್ತೇನೆ, ಆದರೆ ಜೈಲು ಉತ್ತರವಲ್ಲ. 1754ರಲ್ಲಿ ಅಮೆರಿಕದ ಪಾಸ್ಟರ್ ಜೊನಾಥನ್ ಎಡ್ವರ್ಡ್ಸ್ ಸೂರ್ಯನ ಹೋಲಿಕೆ ಕೊಟ್ಟರು: ಸೂರ್ಯ ಮುಳುಗಿದಾಗ ಕತ್ತಲೂ ಚಳಿಯೂ ಬರುತ್ತವೆ, ಆದರೆ ಅವು ಸೂರ್ಯನಿಂದ ಹೊರಟವಲ್ಲ. ನಾನು ಪಾಠ ಮಾಡುವ ಪ್ರತಿ ಬ್ಯಾಚಿನಲ್ಲೂ ಒಬ್ಬ ವಿದ್ಯಾರ್ಥಿ "ಹಾಗಾದ್ರೆ ಸೂರ್ಯನನ್ನು ಮುಳುಗಿಸಿದ್ದು ಯಾರು ಸರ್?" ಅಂತ ಕೇಳಿಯೇ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ತಡೆಯಬಲ್ಲವನು ಯಾಕೆ ತಡೆಯಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಇದೆ ಅನ್ನುವವರನ್ನು ಕಂಡರೆ ಸ್ವಲ್ಪ ದೂರ ಕೂರುತ್ತೇನೆ.

ಆದರೆ ಆ ಒಗಟು ಬಿಡಿಸುವವರೆಗೆ ಕಾಯಲು ಆಗದವರೂ ಇದ್ದಾರೆ. ಗಂಡನ ಕೈಲಿ ಹೊಡೆಸಿಕೊಂಡು, ಕೈಮೇಲಿನ ಬಾಸುಂಡೆಗೆ ಸೆರಗು ಎಳೆದುಕೊಂಡು ಬರುವ ಹೆಣ್ಣುಮಕ್ಕಳು. "ದೇವರು ನಿನಗೆ ಕೊಟ್ಟ ಶಿಲುಬೆ ಕಣೇ ಅದು, ಹೊತ್ಕೋ" ಅಂತ ಅತ್ತೆ ಹೇಳಿರುತ್ತಾರೆ. ಕೆಲವು ಸಲ ಸ್ವಂತ ಅಮ್ಮನೇ ಹೇಳಿರುತ್ತಾರೆ. ಶಿಲುಬೆಯ ಹೆಸರು ಎತ್ತುವವರು ಅಪೊಸ್ತಲರ ಕೃತ್ಯಗಳು 2:23 ಓದಬೇಕು. ಯೇಸುವನ್ನು ಒಪ್ಪಿಸಿದ್ದು ದೇವರ ಸಂಕಲ್ಪ ಅನ್ನುತ್ತಾನೆ ಯೇಸುವಿನ ಶಿಷ್ಯ ಪೇತ್ರ, ಅದೇ ಉಸಿರಿನಲ್ಲಿ "ನೀವು ಕೊಲ್ಲಿಸಿದಿರಿ" ಅನ್ನುತ್ತಾನೆ. ಕೇಳಿದವರಲ್ಲಿ ಒಬ್ಬರೂ ಸಂಕಲ್ಪ ಆತನದು, ನಮ್ಮ ತಪ್ಪೇನಿದೆ ಅನ್ನಲಿಲ್ಲ. ನಾವೀಗ ಏನು ಮಾಡಬೇಕು ಅಂದರು. ಹಾಗೆ ಬಂದವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಡಾಕ್ಟರ ಹತ್ತಿರ ಹೋಗಮ್ಮ, ಆಮೇಲೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು, ಪ್ರಾರ್ಥನೆಗೆ ನಾನು ಇಲ್ಲೇ ಇರುತ್ತೇನೆ. ಒಂದೊಂದು ಮನೆಯ ಪರಿಸ್ಥಿತಿ ಒಂದೊಂದು ಥರ, ಆದ್ದರಿಂದ ಇದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ.

ಕೊನೆಗೆ, ಯೆಶಾಯ 45:7 ತೋರಿಸಿ, "ಮೇಲನ್ನೂ ಕೇಡನ್ನೂ ಉಂಟುಮಾಡುವವನು ನಾನೇ ಅಂತ ದೇವರೇ ಹೇಳಿದ್ದಾನಲ್ಲ" ಎನ್ನುವವರಿಗೆ: ಆ ಅಧ್ಯಾಯದಲ್ಲಿ ದೇವರು ಮಾತಾಡುತ್ತಿರುವುದು ಪರ್ಷಿಯದ ದೊರೆ ಕೋರೆಷನ ಜೊತೆ, ರಾಜ್ಯಗಳು ಏಳುವ ಬೀಳುವ ವಿಷಯ. ಅಲ್ಲಿನ ಕೇಡು ಅಂದರೆ ನಾಡಿನ ಮೇಲೆ ಬರುವ ವಿಪತ್ತು, ಒಬ್ಬನ ಮನಸ್ಸಿನ ದುಷ್ಟತನವಲ್ಲ. 44, 45 ಎರಡೂ ಅಧ್ಯಾಯ ಒಟ್ಟಿಗೆ ಓದಿ. ಓದಿಯೂ ಜಗಳ ಆಡಬೇಕು ಅನ್ನಿಸಿದರೆ ಬನ್ನಿ, ಭಾನುವಾರ ಬೆಳಿಗ್ಗೆ ಮಾತ್ರ ಬೇಡ.